ಪ್ರಧಾನಿಯನ್ನು ಕಾಯಿಸಿದ ಲೈನಕ್ಕ

ಪ್ರಧಾನಿಯೊಬ್ಬರೇ ದೇಶ ನಡೆಸುವುದಿಲ್ಲ. ಅವರ ಬೆನ್ನ ಹಿಂದೆ ಒಂದು ಇಡೀ ಇಲಾಖೆ ಇರುತ್ತದೆ. ಅವರ ಬಾಯಿಗೆ ಮಾತು ಹಾಕುವುದು, ಅವರ ದಿನವನ್ನು ಹೋಳು ಮಾಡಿ ಹಂಚುವುದು, ಅವರು ಯಾರಿಗೆ ಸಿಗಬೇಕು ಯಾರಿಗೆ ಸಿಗಬಾರದು ಎಂದು ತೀರ್ಮಾನಿಸುವುದು, ಎಲ್ಲ ಆ ಇಲಾಖೆಯ ಕೆಲಸ. ಅದರ ಖರ್ಚು ನಿಮ್ಮದು. ಇಷ್ಟು ನಿಮಗೆ ಗೊತ್ತಿರಬೇಕಾಗಿತ್ತು. ಗೊತ್ತಿರದಿದ್ದರೆ ಈಗ ಗೊತ್ತಾಯಿತಲ್ಲ, ಮುಂದೆ ಹೋಗೋಣ.

ಆ ಇಲಾಖೆಯ ಟೆಲಿಫೋನ್ ಬೋರ್ಡಿನ ಮುಂದೆ ಒಬ್ಬ ಹೆಂಗಸು ತನ್ನ ಕರಿಕೂದಲು ಬೆಳ್ಳಗಾಗುವವರೆಗೂ ಕೂತಿದ್ದಳು. "ಅಕ್ಕಾ, ಒಂದು ಲೈನ್ ಕೊಡಿ" ಎಂದು ಎಲ್ಲರೂ ಕೇಳಿ ಕೇಳಿ ಅವಳ ಹೆಸರೇ ಲೈನಕ್ಕ ಎಂದಾಗಿಹೋಗಿತ್ತು. ಗಂಡ ದರ್ಜಿ. ಇಲಾಖೆ ಕೊಟ್ಟ ಕ್ವಾರ್ಟರ್ಸಿನ ಮುಂದಿನ ಕೋಣೆಯಲ್ಲೇ ಅವನ ಹೊಲಿಗೆ ಮಿಷನ್ನು. ಬೀದಿಗೆ ತೆರೆದ ಕಿಟಕಿಯೇ ಅವನ ಅಂಗಡಿಯ ಬಾಗಿಲು. ಆ ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ಅವನ ತಾಯಿ ಕೂರುತ್ತಿದ್ದಳು. ಹೊಲಿಯಲು ಕೊಟ್ಟ ಗಿರಾಕಿಗಳಿಗೆ ಹೊಟ್ಟೆ ಕರಗಿಸುವ ಬಗ್ಗೆ ಪುಕ್ಕಟೆ ಬುದ್ಧಿ ಹೇಳುವುದು ಆಕೆಯ ಉದ್ಯೋಗ.

ಲೈನಕ್ಕ ಸೇರಿದಾಗ ಇಲಾಖೆ ಎಂಬುದೇ ಇರಲಿಲ್ಲ. ಹಳೆಯ ಸುಂಕದ ಕಚೇರಿಯ ಮಹಡಿಯಲ್ಲಿ ಮೂರು ಕೋಣೆ, ಒಬ್ಬ ಕಾರ್ಯದರ್ಶಿ, ಒಬ್ಬ ಟೈಪಿಸ್ಟ್, ಬಾಗಿಲಲ್ಲಿ ಒಬ್ಬ ಜವಾನ. ಫೋನು ಓಣಿಯಂಥ ಜಾಗದಲ್ಲಿ ಸ್ಟೂಲಿನ ಮೇಲಿರುತ್ತಿತ್ತು. ಅದು ಬಡಿದುಕೊಂಡಾಗ ಹತ್ತಿರ ಯಾರಿದ್ದರೋ ಅವರು ಎತ್ತುತ್ತಿದ್ದರು. ಮೊದಲ ಪ್ರಧಾನಿ ಮುಖ ತೊಳೆಯಲು ಹೊರಟವರು ಹೆಗಲ ಮೇಲೆ ಟವೆಲ್ ಹಾಕಿಕೊಂಡೇ ಫೋನೆತ್ತಿ, "ಹೂಂ, ನಾನೇ, ಹೇಳಿ" ಅನ್ನುತ್ತಿದ್ದರಂತೆ. ಎರಡನೆಯವರಿಗೆ ಓಣಿಯಲ್ಲಿ ನಿಂತು ಮಾತಾಡಲು ಸಂಕೋಚ. ಫೋನು ಒಳಗೆ ಹೋಯಿತು, ಹೊರಗೆ ಅದನ್ನು ಮೊದಲು ಎತ್ತಲು ಒಬ್ಬರು ಬೇಕಾದರು. ದೊಡ್ಡಾಸ್ಪತ್ರೆಯ ಬೋರ್ಡಿನಲ್ಲಿ ಕೆಲಸ ಮಾಡುತ್ತಿದ್ದ ಲೈನಕ್ಕನನ್ನು ಕರೆದು ಕೂರಿಸಿದ್ದು ಆಗಲೇ. ಸಾಯುವವರ ಮನೆಯವರನ್ನು ಕಾಯಿಸಿ ಅಭ್ಯಾಸ ಇದ್ದವಳಿಗೆ ಮಂತ್ರಿಗಳನ್ನು ಕಾಯಿಸುವುದು ನೀರು ಕುಡಿದಷ್ಟು ಸಲೀಸಾಯಿತು.

ಮೂರನೆಯವರು ತಮ್ಮ ಭಾಷಣ ತಾವೇ ಬರೆಯುವುದನ್ನು ಬಿಟ್ಟರು. ಭಾಷಣದ ಕೋಣೆ ಬಂತು. ನಾಲ್ಕನೆಯವರು ಪತ್ರಿಕೆ ತಾವೇ ಓದುವುದನ್ನು ಬಿಟ್ಟರು. ಪತ್ರಿಕೆ ಕತ್ತರಿಸಿ ಅಂಟಿಸುವ ಕೋಣೆ ಬಂತು. ಆಮೇಲೆ ಬಂದವರು ತಮ್ಮ ಬಾಗಿಲು ತಾವೇ ತೆಗೆಯುವುದನ್ನೂ ಬಿಟ್ಟರು. ಇಲಾಖೆಯ ಇತಿಹಾಸ ಅಂದರೆ ಇಷ್ಟೇ: ನಾಯಕರು ಕೈಬಿಟ್ಟ ಒಂದೊಂದು ಕೆಲಸಕ್ಕೂ ಒಂದೊಂದು ಕೋಣೆ ಹುಟ್ಟಿತು, ಕೋಣೆಗಳು ಸೇರಿ ಗಾಜಿನ ಕಟ್ಟಡವಾಯಿತು, ಕಟ್ಟಡಕ್ಕೊಂದು ಗೇಟು, ಗೇಟಿಗೊಂದು ಮುದ್ರೆ. ಲೈನಕ್ಕನ ಬೋರ್ಡು ಮಾತ್ರ ಮಹಡಿಯಿಂದ ನೆಲಮಾಳಿಗೆಗೆ ಇಳಿಯಿತು. ಗಾಳಿ ಕಡಿಮೆ, ಆದರೆ ಯಾರ ಕಾಟವೂ ಇಲ್ಲ ಎಂದು ಅವಳು ಅದನ್ನೇ ಭಾಗ್ಯ ಅಂದುಕೊಂಡಳು.

ಗಾಜಿನ ಕಟ್ಟಡದ ಜೊತೆಗೇ ಶಿಷ್ಟಾಚಾರದ ಅಧಿಕಾರಿಯೂ ಬಂದ. ಮೈಮೇಲೊಂದು ಸುಕ್ಕಿಲ್ಲದ ಮನುಷ್ಯ. ಅವನು ಕೂತದ್ದನ್ನು ಕಂಡವರು ಕಡಿಮೆ, ಪ್ಯಾಂಟಿನ ಗೆರೆ ಮುರಿಯುತ್ತದಲ್ಲ. ನೆಲಮಾಳಿಗೆಯವರು ಅವನಿಗೆ ಇಟ್ಟ ಹೆಸರು ಇಸ್ತ್ರಿ ಸಾಹೇಬ. ಅವನು ತಂದ ನಿಯಮ ಒಂದು: ಹೊರದೇಶದ ಪ್ರಧಾನಿಯ ಜೊತೆ ಮಾತಿದ್ದರೆ, ಆ ಕಡೆಯವರು ಮೊದಲು ಫೋನಿಗೆ ಬಂದು ಕಾದಿರಬೇಕು. ಆಮೇಲಷ್ಟೇ ನಮ್ಮವರು ಎತ್ತಬೇಕು. ಮೊದಲು ಹಲೋ ಅಂದವರು ಸಣ್ಣವರು, ಕಾಯಿಸಿದವರು ದೊಡ್ಡವರು. ದೇಶದ ಮಾನ ಅಷ್ಟರಲ್ಲೇ ಇದೆಯಂತೆ.

ಕಷ್ಟ ಏನೆಂದರೆ ಗಡಿಯ ಆಚೆಯ ದೇಶದಲ್ಲೂ ಇಂಥದ್ದೇ ಒಂದು ಇಲಾಖೆ, ಅಲ್ಲೂ ಒಬ್ಬ ಇಸ್ತ್ರಿ ಸಾಹೇಬ, ಅಲ್ಲೂ ಇದೇ ನಿಯಮ.

ಆಚೆ ಕಡೆ ಬೋರ್ಡಿನ ಮುಂದೆ ಕೂರುತ್ತಿದ್ದವನನ್ನು ಲೈನಕ್ಕ ಆಚೆಯಣ್ಣ ಅನ್ನುತ್ತಿದ್ದಳು. ಮುಖ ನೋಡಿದ್ದಿಲ್ಲ. ಎರಡೂ ಕಡೆ ಮಾತು ಒಂದೇ, ರಾಗ ಮಾತ್ರ ಬೇರೆ. ಹೊಸ ನಿಯಮ ಬಂದ ಮೇಲಿನ ಮೊದಲ ಕರೆಯಲ್ಲಿ ಇಬ್ಬರೂ ಜಗಳಕ್ಕೇ ನಿಂತಿದ್ದರು.

"ನಿಮ್ಮವರನ್ನ ಕರೀರಿ ಅಣ್ಣ, ನಮ್ಮವರು ರೆಡಿ ಇದಾರೆ."

"ನಮ್ಮವರೂ ರೆಡಿ ಇದಾರೆ ಅಕ್ಕ, ನೀವು ಕೊಡಿ ಮೊದಲು."

"ಹಾಗಾಗಲ್ಲ."

"ಇಲ್ಲೂ ಆಗಲ್ಲ."

ಹೀಗೇ ಎಷ್ಟೋ ಹೊತ್ತು. ಟೀ ತಣ್ಣಗಾಯಿತು. ಎರಡು ದೇಶಗಳ ಪ್ರಧಾನಿಗಳು ತಂತಮ್ಮ ಮೇಜಿನ ಮುಂದೆ ಉಗುರು ನೋಡಿಕೊಳ್ಳುತ್ತ ಕೂತಿದ್ದರು. ಕೊನೆಗೆ ಆಚೆಯಣ್ಣನೇ ಸೋತ ದನಿಯಲ್ಲಿ, "ಅಕ್ಕಾ, ಒಂದು ಕೆಲಸ ಮಾಡೋಣ. ನೀವು ಅಲ್ಲಿ 'ಅವರು ಲೈನಿನಲ್ಲಿದಾರೆ' ಅಂತ ಹೇಳಿ. ನಾನೂ ಇಲ್ಲಿ ಅದನ್ನೇ ಹೇಳ್ತೀನಿ. ಇಬ್ಬರೂ ಒಟ್ಟಿಗೆ ಗುಂಡಿ ಒತ್ತಿಬಿಡೋಣ" ಎಂದ.

"ಸುಳ್ಳಾಗಲ್ವಾ?"

"ಅವರು ಎತ್ತೋ ಹೊತ್ತಿಗೆ ಇಬ್ಬರೂ ಇರ್ತಾರಲ್ಲ, ಆಮೇಲೆಲ್ಲಿ ಸುಳ್ಳು?"

ಅಂದಿನಿಂದ ಅದೇ ಪದ್ಧತಿಯಾಯಿತು. ಆಚೆಯಣ್ಣ "ಹೂಂ ಅಕ್ಕ" ಎಂದ ಕೂಡಲೇ ಎರಡೂ ಕಡೆ ಗುಂಡಿ ಒತ್ತುವುದು. ನಮ್ಮ ಪ್ರಧಾನಿ ಆಚೆಯವರನ್ನು ಕಾಯಿಸಿದೆ ಎಂದುಕೊಂಡು ಮೀಸೆ ತಿರುವುತ್ತಿದ್ದರು, ಆಚೆಯವರು ಇವರನ್ನು ಕಾಯಿಸಿದೆ ಎಂದು ಬೀಗುತ್ತಿದ್ದರು. ಇಬ್ಬರೂ ಖುಷಿಯಲ್ಲಿ ಮಾತಾಡಿದ್ದಕ್ಕೆ ನದಿ ನೀರು ಹರಿಯಿತು, ರೈಲು ಓಡಿತು. ಪ್ರಧಾನಿಗಳು ಬದಲಾದರು, ಪಕ್ಷಗಳು ಬದಲಾದವು, "ಹೂಂ ಅಕ್ಕ" ಬದಲಾಗಲಿಲ್ಲ. ಇದು ಭೂಮಿಯ ಮೇಲೆ ಇಬ್ಬರಿಗಷ್ಟೇ ಗೊತ್ತಿತ್ತು. ಲೈನಕ್ಕ ಗಂಡನಿಗೂ ಹೇಳಿರಲಿಲ್ಲ. ಅತ್ತೆ ಬಂದವರ ಮುಂದೆ, "ನಮ್ಮ ಸೊಸೆ ದೇಶದ ಗುಟ್ಟೆಲ್ಲ ಹೊಟ್ಟೇಲಿ ಇಟ್ಕೊಂಡಿದಾಳೆ. ಅದಕ್ಕೇ ನೋಡಿ, ಊಟ ಸೇರಲ್ಲ" ಅನ್ನುತ್ತಿದ್ದಳು.

ಹಾಗಿರುವಾಗ ಗಡಿಯ ಗೇಟು ಬಂದಾಯಿತು. ಸುಂಕದ ಜಗಳ. ಇತ್ತ ನಮ್ಮ ಲಾರಿಗಳು, ಅತ್ತ ಅವರ ಲಾರಿಗಳು. ಈರುಳ್ಳಿ ಕೊಳೆತು ನೀರಾಗಿ ರಸ್ತೆಗೆ ಇಳಿಯುತ್ತಿತ್ತು, ಚಾಲಕರು ಲಾರಿಯ ಅಡಿಯ ನೆರಳಲ್ಲಿ ಮಲಗುತ್ತಿದ್ದರು. ಇಬ್ಬರು ಪ್ರಧಾನಿಗಳು ಮಾತಾಡುವುದೆಂದು ಗೊತ್ತಾಯಿತು.

ಆ ಬೆಳಿಗ್ಗೆ ಲೈನಕ್ಕ ಬೋರ್ಡು ಒರೆಸಿ, ಗಂಟಲು ಸರಿಮಾಡಿಕೊಂಡು, ಮೇಲಿನ ಮಹಡಿಗೆ ಹೇಳಿದಳು: "ಸರ್, ಅವರು ಲೈನಿನಲ್ಲಿದಾರೆ." ಆಚೆಯಣ್ಣ ಹೂಂ ಅಕ್ಕ ಅಂದ. ಇವಳು ಗುಂಡಿ ಒತ್ತಿದಳು. ಅವನು ಒತ್ತಲಿಲ್ಲ.

ಒತ್ತಲಿಲ್ಲ ಅಂದರೆ, ಒತ್ತಲು ಅವನನ್ನು ಬಿಡಲಿಲ್ಲ. ಆಚೆಯ ಇಸ್ತ್ರಿ ಸಾಹೇಬ ಎಂದೂ ಇಲ್ಲದವನು ಅಂದು ಬೋರ್ಡಿನ ಕೋಣೆಗೇ ಬಂದು ಬೆನ್ನ ಹಿಂದೆ ನಿಂತಿದ್ದ. ಗುಂಡಿಯ ಮೇಲೆ ತನ್ನ ಅಂಗೈ ಇಟ್ಟು, "ಮೊದಲು ಅವರದ್ದು ಬರಲಿ" ಎಂದುಬಿಟ್ಟ.

ನಮ್ಮ ಪ್ರಧಾನಿ ಎತ್ತಿದರು. "ಹಲೋ" ಅಂದರು. ಉತ್ತರವಿಲ್ಲ. ಮತ್ತೊಮ್ಮೆ "ಹಲೋ" ಅಂದರು. ಆಚೆಯಿಂದ ಆಚೆಯಣ್ಣನ ದನಿ ಬಂತು: "ಸ್ವಲ್ಪ ಇರಿ, ಕೊಡ್ತೀನಿ."

ಒಂದು ದೇಶದ ಪ್ರಧಾನಿಗೆ ಸ್ವಲ್ಪ ಇರಿ ಎಂದದ್ದು ಲೈನಕ್ಕನ ಕಿವಿಗೂ ಬಿತ್ತು. ಕೈ ಇನ್ನೂ ಗುಂಡಿಯ ಮೇಲೇ ಇತ್ತು. ಲೈನ್ ಎಳೆದುಕೊಳ್ಳಲೇ, ಹಾಗೇ ಬಿಡಲೇ? ಎಳೆದರೆ ಮಾತೇ ಮುರಿಯುತ್ತದೆ. ಅವಳು ಹಾಗೇ ಬಿಟ್ಟಳು. ಪ್ರಧಾನಿ ಕಾದರು. ಫೋನಿನಲ್ಲಿ ಅವರು ಉಸಿರು ಬಿಡುವ ಸದ್ದು ಕೇಳುತ್ತಿತ್ತು. ಕೊನೆಗೆ ಆಚೆಯವರು ಬಂದರು, ಮಾತು ಶುರುವಾಯಿತು. ಲೈನಕ್ಕ ಹೆಡ್‌ಫೋನ್ ಕಳಚಿಟ್ಟಳು.

ಇಸ್ತ್ರಿ ಸಾಹೇಬ ಮೆಟ್ಟಿಲಿಳಿದು ಬಂದ. ಅಂದು ಅವನ ಹಣೆಯಲ್ಲಿ ಮಾತ್ರ ಸುಕ್ಕಿತ್ತು.

"ಏನ್ರೀ ಇದು? ದೇಶದ ಮಾನ ಹರಾಜು ಹಾಕಿದ್ರಲ್ಲ."

"ಸರ್, ಅವರು ಬರ್ತಾರೆ ಅಂತ..."

"ಬರ್ತಾರೆ ಅಂತ ಅಲ್ಲ, ಬಂದಿದಾರೆ ಅಂತ ಹೇಳಿದೀರಿ. ಸುಳ್ಳು ಹೇಳಿ ಪ್ರಧಾನಿಯವರನ್ನ ಒಬ್ಬ ಗುಮಾಸ್ತನ ಮುಂದೆ ನಿಲ್ಲಿಸಿದೀರಿ. ಬೋರ್ಡಿನಿಂದ ಏಳಿ. ವಿಚಾರಣೆ ಆಗೋವರೆಗೆ ಹೊರಗಿನ ಬೆಂಚಿನ ಮೇಲೆ ಕೂತಿರಿ."

ಅವಳು ಎದ್ದಳು. ಹೊರಗಿನ ಬೆಂಚು ಅಂದರೆ ಲಿಫ್ಟಿನ ಎದುರು, ಚಪ್ಪಲಿ ಬಿಡುವ ಜಾಗದ ಹಾಗೆ ಎಲ್ಲರ ಕಣ್ಣಿಗೂ ಬೀಳುವ ಮೂಲೆ. ಅಲ್ಲಿ ಕೂತವರ ತಪ್ಪೇನೆಂದು ಯಾರೂ ಕೇಳುವುದಿಲ್ಲ. ಕೂತಿದ್ದೇ ತಪ್ಪಿಗೆ ಸಾಕ್ಷಿ. ನಿನ್ನೆಯವರೆಗೆ ಅಕ್ಕಾ ಅಕ್ಕಾ ಎನ್ನುತ್ತಿದ್ದವರು ಲಿಫ್ಟು ಬರುವವರೆಗೆ ಬೂಟಿನ ಲೇಸು ಕಟ್ಟಿಕೊಳ್ಳುತ್ತಿದ್ದರು.

ಮನೆಗೆ ಬಂದು ಗಂಡನ ಮುಂದೆ ಎಲ್ಲ ಹೇಳಿದಳು. ಮೊದಲ ಬಾರಿಗೆ "ಹೂಂ ಅಕ್ಕ"ನ ಗುಟ್ಟೂ ಹೊರಬಿತ್ತು. ದರ್ಜಿಯ ಕಾಲು ಮಿಷನ್ನಿನ ಮೇಲೆ ನಿಂತುಹೋಯಿತು.

"ಕೆಲಸದಿಂದ ತೆಗೀತಾರಾ?"

"ತೆಗೆದ್ರೆ ಕ್ವಾರ್ಟರ್ಸೂ ಹೋಗುತ್ತೆ ರೀ."

ಅವನು ಕಿಟಕಿಯ ಕಡೆ ನೋಡಿದ. ಆ ಕಿಟಕಿ ಹೋದರೆ ಅವನ ಗಿರಾಕಿಗಳೂ ಹೋದ ಹಾಗೆ. ಗೂಟಕ್ಕೆ ನೇತುಹಾಕಿದ್ದ ಅರ್ಧ ಹೊಲಿದ ಕೋಟುಗಳು ಯಾರೋ ಬೆನ್ನು ತಿರುಗಿಸಿ ನಿಂತ ಹಾಗೆ ಕಂಡವು.

"ಇದ್ದದ್ದನ್ನ ಇದ್ದ ಹಾಗೆ ಹೇಳಿಬಿಡು. ಆ ಕಡೆಯವನು ಕೈ ಕೊಟ್ಟ ಅನ್ನು. ನಿನ್ನದೇನು ತಪ್ಪು?"

"ಅವನು ಕೈ ಕೊಡೋನಲ್ಲ, ಏನೋ ಆಗಿರ್ಬೇಕು. ನಾನು ಬಾಯಿ ಬಿಟ್ರೆ ಅವನ ಅನ್ನಕ್ಕೂ ಕಲ್ಲು ಬೀಳುತ್ತೆ. ಅಷ್ಟೂ ವರ್ಷ ಇಬ್ಬರು ಸೇರ್ಕೊಂಡು ಪ್ರಧಾನಿಗಳನ್ನ ಆಟ ಆಡ್ಸಿದೀವಿ ಅಂತ ಆಗುತ್ತೆ. ಈಗ ಕೆಲಸ ಹೋಗ್ಬೋದು, ಆಗ ಜೈಲೇ."

ಕಿಟಕಿಯ ಪಕ್ಕದಿಂದ ಅತ್ತೆ, "ಅದೆಲ್ಲ ಇರಲಿ, ಆ ಮನುಷ್ಯ ಫೋನ್ ಹಿಡ್ಕೊಂಡು ಸ್ವಲ್ಪ ಹೊತ್ತು ಕಾದನಂತಲ್ಲ, ಕೈ ನೋಯಿತಾ?" ಅಂದಳು. ಲೈನಕ್ಕನಿಗೆ ಅಳು ಬರುವುದರಲ್ಲಿತ್ತು, ನಗು ಬಂತು. "ಇಲ್ಲ ಅತ್ತೆ, ಕೈ ನೋಯಲಿಲ್ಲ." "ಮತ್ತೆ ಅದಕ್ಯಾಕೆ ಇಷ್ಟೊಂದು?" ಎಂದು ಮುದುಕಿ ಮೂಗು ಮುರಿದಳು. ಇಡೀ ಇಲಾಖೆಯಲ್ಲಿ ಈ ಪ್ರಶ್ನೆ ಕೇಳುವವರು ಒಬ್ಬರೂ ಇರಲಿಲ್ಲ ಎಂಬುದನ್ನು ಓದುಗರು ಗಮನಿಸಬೇಕು.

ಬೆಂಚಿನ ಮೇಲೆ ದಿನಗಳು ಉರುಳಿದವು. ಅವಳು ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ನೇರ ಕೂರುತ್ತಿದ್ದಳು. ಒಳಗೆ ಬೋರ್ಡು ಬಡಿದುಕೊಳ್ಳುವ ಸದ್ದು ಕೇಳಿಸಿದಾಗ ಬೆರಳು ತಾನಾಗಿ ಆಡುತ್ತಿತ್ತು. ಬದಲಿಗೆ ಕೂತವನು ಕೃಷಿ ಮಂತ್ರಿಯ ಕರೆಯನ್ನು ಅಡುಗೆಮನೆಗೆ ಕೊಟ್ಟನೆಂಬ ಸುದ್ದಿ ಬಂತು. ಮಂತ್ರಿಗಳು ಬೇಳೆಯ ದರದ ಬಗ್ಗೆ ಬಾಣಸಿಗನ ಜೊತೆ ಬಹಳ ಹೊತ್ತು ಚರ್ಚೆ ಮಾಡಿ, ಪ್ರಧಾನಿಯವರಿಗೆ ವಿಷಯದ ಆಳವಾದ ತಿಳಿವಳಿಕೆ ಇದೆ ಎಂದು ಹೊಗಳಿದರಂತೆ. ಬೆಂಚಿನ ಮೇಲೇ ಲೈನಕ್ಕ ಸೆರಗು ಬಾಯಿಗಿಟ್ಟು ನಕ್ಕಳು. ಆ ವಾರ ಅವಳು ನಕ್ಕದ್ದು ಅಷ್ಟೇ.

ವಿಚಾರಣೆಯ ಹಿಂದಿನ ದಿನ ಗಡಿಯ ಗೇಟು ತೆರೆಯಿತು. ಆಚೆಯ ಪ್ರಧಾನಿ ತಮ್ಮ ಸಂಸತ್ತಿನಲ್ಲಿ ಎದ್ದು ನಿಂತು ಹೇಳಿದ್ದು ಎಲ್ಲ ಪತ್ರಿಕೆಗಳಲ್ಲೂ ಬಂತು: "ನೆರೆಯ ನಾಯಕರು ನನಗಿಂತ ಮೊದಲೇ ಫೋನಿಗೆ ಬಂದು ನನಗಾಗಿ ಕಾದಿದ್ದರು. ಅಂಥ ದೊಡ್ಡ ಮನಸ್ಸಿನ ಮುಂದೆ ನಾನು ಸುಂಕದ ಲೆಕ್ಕ ಹಿಡಿದು ಕೂರಲೇ?" ಅಂದು ಸಂಜೆ ನಮ್ಮ ಪ್ರಧಾನಿ ಒಂದು ಸಭೆಯಲ್ಲಿ ಎದೆ ಮುಟ್ಟಿಕೊಂಡು, "ವಿನಯದಲ್ಲಿ ಮೊದಲಿಗನಾಗುವುದಕ್ಕೆ ನನಗೆಂದೂ ನಾಚಿಕೆಯಿಲ್ಲ" ಎಂದರು. ಚಪ್ಪಾಳೆ ಬಿತ್ತು.

ಮರುದಿನ ವಿಚಾರಣೆಯ ಕೋಣೆಯಲ್ಲಿ ಲೈನಕ್ಕನನ್ನು ಮೇಜಿನ ಈ ತುದಿಯಲ್ಲಿ ಕೂರಿಸಿದರು. ಆ ತುದಿಯಲ್ಲಿ ಇಲಾಖೆಯ ಮುಖ್ಯಸ್ಥರಾದ ದೊಡ್ಡ ಸಾಹೇಬರು. ಇಸ್ತ್ರಿ ಸಾಹೇಬ ನಿಂತೇ ಇದ್ದ. ಅವಳು ಪತ್ರಿಕೆ ಓದಿರಲಿಲ್ಲ. ಅಂಥ ಬೆಳಿಗ್ಗೆ ಯಾರು ಓದುತ್ತಾರೆ?

"ಅವರು ಬರೋದಕ್ಕೆ ಮುಂಚೆ, ಲೈನಿನಲ್ಲಿದಾರೆ ಅಂತ ಯಾಕಮ್ಮ ಹೇಳಿದ್ರಿ?" ದೊಡ್ಡ ಸಾಹೇಬರು ಕೇಳಿದರು.

ಆಚೆಯಣ್ಣನ ದನಿ ಕಿವಿಯಲ್ಲಿ ಬಂದು ಹೋಯಿತು. "ಬರ್ತಾರೆ ಅಂತ ನಂಬಿದ್ದೆ ಸರ್" ಎಂದಳು. ಅದಕ್ಕಿಂತ ಒಂದಕ್ಷರ ಹೆಚ್ಚು ಹೇಳಲಿಲ್ಲ.

"ಕೇಳಿದ್ರಲ್ಲ ಸರ್, ಒಪ್ಪಿಕೊಂಡ್ರು" ಎಂದ ಇಸ್ತ್ರಿ ಸಾಹೇಬ. "ಕರ್ತವ್ಯಲೋಪ ಅಂತ ಬರೆದುಬಿಡೋಣ."

"ಯಾವ ಲೋಪ?"

"ಪ್ರಧಾನಿಯವರನ್ನ ಮೊದಲು ಲೈನಿಗೆ ಕೊಟ್ಟದ್ದು."

"ಅದು ಲೋಪ ಅಂತ ನಾವು ಬರೆದ್ರೆ, ಪ್ರಧಾನಿಯವರು ಮೊದಲು ಬಂದದ್ದೇ ಲೋಪ ಅಂತಾಯ್ತು. ನಿನ್ನೆ ಅವರು ಅದನ್ನೇ ತಮ್ಮ ದೊಡ್ಡತನ ಅಂದಿದಾರೆ."

ಇಸ್ತ್ರಿ ಸಾಹೇಬ ಸ್ವಲ್ಪ ಯೋಚಿಸಿದ. "ಹಾಗಾದ್ರೆ, ಪೂರ್ವಾನುಮತಿ ಇಲ್ಲದೆ ಅಂತ ಸೇರಿಸೋಣ."

"ಪ್ರಧಾನಿಯವರು ವಿನಯ ತೋರಿಸೋಕೆ ಯಾರ ಪೂರ್ವಾನುಮತಿ ತಗೋಬೇಕಿತ್ತು? ನಿಮ್ಮದಾ?"

"ಸುಳ್ಳು ಮಾಹಿತಿ ಕೊಟ್ಟು ಅಂತ..."

"ಅವರಿಗೆ ಗೊತ್ತಿಲ್ಲದೆ ಅವರ ಕೈಲಿ ವಿನಯ ಮಾಡಿಸಿದ್ರು ಅಂತ ಕಾಗದದ ಮೇಲೆ ಇಡ್ತೀರಾ? ಇಡಿ. ಕೆಳಗೆ ನಿಮ್ಮ ಸಹಿ ಹಾಕಿ."

ಇಸ್ತ್ರಿ ಸಾಹೇಬ ಪೆನ್ನು ತೆಗೆದ, ಮುಚ್ಚಳ ಬಿಚ್ಚಿದ, ಮುಚ್ಚಳ ಹಾಕಿದ. ಆಮೇಲೆ ಮೊದಲ ಸಲ, ಎಲ್ಲರೂ ನೋಡುತ್ತಿದ್ದಂತೆಯೇ, ಕುರ್ಚಿಯಲ್ಲಿ ಕೂತ.

"ಹೋಗಮ್ಮ, ಹೋಗಿ ಬೋರ್ಡು ನೋಡ್ಕೋ" ಎಂದರು ದೊಡ್ಡ ಸಾಹೇಬರು. "ಅಡುಗೆಯವನು ಸಂಪುಟ ಸಭೆ ಕರೆಯೋದಕ್ಕೆ ಮುಂಚೆ ಹೋಗು."

ಲೈನಕ್ಕನಿಗೆ ಮೊದಲು ಅರ್ಥವಾಗಲಿಲ್ಲ. ಬಾಗಿಲ ಹೊರಗೆ ಬಂದ ಮೇಲೆ ಅಭ್ಯಾಸದಂತೆ ಬೆಂಚಿನ ಕಡೆ ಹೊರಟವಳು ಮೆಟ್ಟಿಲ ಕಡೆ ತಿರುಗಿದಳು. ಮೆಟ್ಟಿಲಿಳಿಯುವಾಗ ಎದೆಯ ಮೇಲಿಟ್ಟಿದ್ದ ಕಲ್ಲನ್ನು ಯಾರೋ ಎತ್ತಿದ ಹಾಗೆ ಉಸಿರು ಬಂತು. ಗಾಳಿಯಿಲ್ಲದ ಆ ನೆಲಮಾಳಿಗೆಯಲ್ಲಿ ಅಷ್ಟೊಂದು ಗಾಳಿ ಎಲ್ಲಿತ್ತೋ. ಮೊದಲ ಕರೆ ಮನೆಯ ಪಕ್ಕದ ಬೀದಿಯ ಅಂಗಡಿಗೆ ಮಾಡಿ ಗಂಡನನ್ನು ಕರೆಸಿದಳು. "ಬಿಟ್ರು ರೀ. ಬೋರ್ಡ್ ಮೇಲೇ ಇದೀನಿ." ಆ ಕಡೆ ಅಂಗಡಿಯ ಗದ್ದಲ. "ರೀ, ಇದೀರಾ?" "ಇದೀನಿ, ಇದೀನಿ. ಕೋಟು ಕತ್ತರಿಸ್ತಾ ಇದ್ದೆ, ನಿನ್ನ ಫೋನು ಅಂತ ಕರೆದ ಕೂಡಲೇ ಕತ್ತರಿ ಜಾರಿ ತೋಳೊಂದು ಗಿಡ್ಡ ಆಗೋಯ್ತು. ಇರಲಿ ಬಿಡು, ಗಿರಾಕಿಗೆ ಹೊಸ ಫ್ಯಾಷನ್ ಅಂತೀನಿ."

ಎರಡನೆಯದು ಆಚೆಗೆ.

"ಅಣ್ಣಾ?"

"ಅಕ್ಕಾ, ನೀವಾ? ಬದುಕಿದೆ. ಆವತ್ತು ಸಾಹೇಬ ಬಂದು ಕೈ ಹಿಡಿದುಬಿಟ್ಟ ಅಕ್ಕ. ನಾನು ಹೂಂ ಅಂದಾಗಿತ್ತು. ನಿಮ್ಮನ್ನೇನು ಮಾಡಿದ್ರೋ ಅಂತ ಊಟ ಇಳೀಲಿಲ್ಲ."

"ಬೆಂಚಿನ ಮೇಲೆ ಕೂರಿಸಿದ್ರು."

"ನನ್ನನ್ನೂ. ಅಂಥ ದೊಡ್ಡ ಮನುಷ್ಯರಿಗೆ ಸ್ವಲ್ಪ ಇರಿ ಅಂದ್ಯಲ್ಲ ಅಂತ. ಅಂದದ್ದು ಸಾಹೇಬನೇ ಹೇಳ್ಕೊಟ್ಟಿದ್ದಕ್ಕೆ. ಈಗ ಬಿಟ್ಟಿದಾರೆ."

"ನೀವು ನಮ್ಮ ವಿಷಯ ಹೇಳಿದ್ರಾ?"

"ನೀವು ಹೇಳಿದ್ರಾ?"

ಇಬ್ಬರೂ ನಗುತ್ತಿದ್ದರು.

ಮುಂದಿನ ವಾರ ಇಸ್ತ್ರಿ ಸಾಹೇಬ ಹೊಸ ನಿಯಮ ತಂದ. ಇನ್ನು ಮೇಲೆ ನಮ್ಮ ಪ್ರಧಾನಿಯೇ ಮೊದಲು ಫೋನಿಗೆ ಬರಬೇಕು, ಆಚೆಯವರಿಗೆ ಆ ಅವಕಾಶ ಕೊಡಕೂಡದು. ಆಚೆಯ ಇಲಾಖೆಯೂ ಅದೇ ದಿನ ಅದೇ ನಿಯಮ ಮಾಡಿತ್ತು. ಕಾಯಿಸುವ ಜಂಬ ಹೋಗಿ ಕಾಯುವ ಜಂಬ ಬಂತು, ಜಂಬ ಎಲ್ಲಿಗೂ ಹೋಗಲಿಲ್ಲ. ಲೈನಕ್ಕ ಮೇಲಿನ ಮಹಡಿಗೆ "ಸರ್, ಅವರಿನ್ನೂ ಬಂದಿಲ್ಲ, ನೀವೇ ಮೊದಲು" ಎನ್ನುತ್ತಿದ್ದಳು. ಆಚೆಯಣ್ಣನೂ ಅದನ್ನೇ ಹೇಳುತ್ತಿದ್ದ. ಆಮೇಲೆ "ಹೂಂ ಅಕ್ಕ", ಎರಡೂ ಗುಂಡಿ ಒಟ್ಟಿಗೆ. ನಿವೃತ್ತಿಯಾಗುವವರೆಗೂ ಅವಳು ಹೀಗೆಯೇ ಎರಡು ದೇಶಗಳ ಮರ್ಯಾದೆ ಕಾಪಾಡಿದಳು.

ಆಮೇಲೆ ಇಲಾಖೆ ತನ್ನ ಇತಿಹಾಸವನ್ನು ದಪ್ಪ ಕಾಗದದಲ್ಲಿ ಅಚ್ಚು ಹಾಕಿಸಿತು. ಅದರಲ್ಲಿ ಕಾರ್ಯದರ್ಶಿಗಳ ಚಿತ್ರಗಳಿವೆ, ಗಾಜಿನ ಕಟ್ಟಡದ ಚಿತ್ರವಿದೆ, 'ವಿನಯದ ರಾಜತಂತ್ರ' ಎಂಬ ಒಂದು ಅಧ್ಯಾಯವೇ ಇದೆ. ಅಧ್ಯಾಯದ ತುಂಬ ಇಸ್ತ್ರಿ ಸಾಹೇಬನ ದೂರದೃಷ್ಟಿ. ಲೈನಕ್ಕ ಅದನ್ನು ಗಂಡನ ಕಿಟಕಿಯ ಬಳಿ ಕೂತು ತಿರುವಿ ಹಾಕಿದಳು. ಈ ಕಿಟಕಿ ಈಗ ಅವರೇ ಹಿಡಿದ ಬಾಡಿಗೆ ಮನೆಯದು, ಬಿಸಿಲು ಚೆನ್ನಾಗಿ ಬೀಳುತ್ತದೆ. "ನಿನ್ನ ಹೆಸರೆಲ್ಲಿ?" ಎಂದು ದರ್ಜಿ ಕೇಳಿದ. "ಇಲ್ಲದ್ದೇ ಒಳ್ಳೇದಾಯ್ತು ಬಿಡಿ" ಎಂದು ಹಾಯಾಗಿ ಕಾಲು ಚಾಚಿದಳು. ಅವಳಿಗೆ ನಿಜಕ್ಕೂ ಹಾಯೆನಿಸಿತ್ತು.

ಅವಳಿಗೆ ಹಾಯೆನಿಸಿತೆಂದು ನಾವೂ ಕಾಲು ಚಾಚುವ ಹಾಗಿಲ್ಲ. ಮಾಡದ ತಪ್ಪಿಗೆ ಶಿಕ್ಷೆಯಾಗಲಿಲ್ಲ ಎಂಬುದನ್ನೇ ಒಬ್ಬ ಹೆಂಗಸು ಜೀವಮಾನದ ಬಹುಮಾನ ಅಂದುಕೊಳ್ಳುವ ಹಾಗೆ ನಮ್ಮ ಕಚೇರಿಗಳು ನಡೆಯುತ್ತಿವೆ. ಅವಳು ಉಳಿದದ್ದು ನ್ಯಾಯದಿಂದಲ್ಲ. ಅವಳ ತಪ್ಪನ್ನು ಒಂದು ವಾಕ್ಯದಲ್ಲಿ ಬರೆಯಲು ಯಾರಿಗೂ ಧೈರ್ಯ ಬರಲಿಲ್ಲ, ಅದಕ್ಕೇ ಉಳಿದಳು. ಪ್ರಧಾನಿ ಆ ಸಂಜೆ ಬೇರೆ ಭಾಷಣ ಮಾಡಿದ್ದರೆ ಅದೇ ವಾಕ್ಯ ಸರಾಗವಾಗಿ ಬರುತ್ತಿತ್ತು.

ನೀವು ಯಾವುದಾದರೂ ಕಚೇರಿ, ಕಾರ್ಖಾನೆ, ಶಾಲೆ, ಆಸ್ಪತ್ರೆ ನಡೆಸುವವರಾದರೆ, ಇವತ್ತೂ ನಿಮ್ಮ ಬಾಗಿಲ ಹೊರಗೆ ಯಾರೋ ಒಬ್ಬರು ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾರೆ. ನಾಳೆ ಬೆಳಿಗ್ಗೆ ಕೋಟು ಕಳಚುವ ಮೊದಲು ಅವರ ತಪ್ಪೇನೆಂದು ಒಂದು ಸಾಲಿನಲ್ಲಿ ಬರೆದು, ಕೆಳಗೆ ನಿಮ್ಮ ಸಹಿ ಹಾಕಿ ಅವರ ಕೈಗೆ ಕೊಡಿ. ಬರೆಯಲಾಗದಿದ್ದರೆ ಎದ್ದು ಹೋಗಿ, ಅವರನ್ನು ನೀವೇ ಒಳಗೆ ಕರೆಯಿರಿ.